ಹಸಿವಿದ್ರೂ ಊಟಕ್ಕೆ ಹೆದರ್ತಿದ್ದ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ
ಗುರುತು ಸಿಗಬಾರ್ದು ಅಂತ ಒಂದಿಷ್ಟು ವಿವರ ಬದಲಿಸಿದೀನಿ. ಇಪ್ಪತ್ತರ ಆಸುಪಾಸಿನ ಕಾಲೇಜು ಹುಡುಗಿ, ಜೊತೇಲಿ ಅಮ್ಮ. "ಮೇಡಂ ಇವ್ಳು ಊಟಾನೇ ಬಿಟ್ಟಿದಾಳೆ, ಸಣ್ಣ ಆಗೋ ಹುಚ್ಚು, ನೀವಾದ್ರೂ ಬುದ್ಧಿ ಹೇಳಿ" ಅಂತ ಅಮ್ಮ ಕೂರೋಕೆ ಮುಂಚೆನೇ ಶುರು ಮಾಡಿದ್ರು. ಎಂಡೋಸ್ಕೋಪಿ ನಾರ್ಮಲ್, ಸ್ಕ್ಯಾನಿಂಗ್ ನಾರ್ಮಲ್, ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ನುಂಗಿ ಸಾಕಾಗಿ, ಕೊನೆಗೆ ಡಾಕ್ಟ್ರೇ ಟೆನ್ಷನ್ ಇರ್ಬೇಕು ಕೌನ್ಸೆಲಿಂಗ್ ಮಾಡ್ಸಿ ಅಂದಿದ್ರಂತೆ.

ಅಮ್ಮನ್ನ ಹೊರಗೆ ಕೂರ್ಸಿ, ಹಸಿವಾಗುತ್ತೇನಮ್ಮ ಅಂತ ಕೇಳ್ದೆ. "ತುಂಬಾ ಆಗುತ್ತೆ ಮೇಡಂ, ಆದ್ರೆ ಉಂಡು ಅರ್ಧ ಗಂಟೆ ಒಳಗೆ ಎದೆಗೂಡಿನ ಕೆಳಗೆ ಹಿಂಡಿದ ಹಾಗೆ ನೋವು ಬರುತ್ತೆ, ತಟ್ಟೆ ನೋಡಿದ್ರೇ ಭಯ" ಅಂದ್ಲು. ಚೂಡಿದಾರ್ ಎಲ್ಲ ಲೂಸ್ ಆಗಿದೆ, ಮುಂಚಿನ ಹಾಗೆ ಆಗ್ಬೇಕು ಅಂತ ಅತ್ಲು. ದಪ್ಪ ಆಗ್ತೀನಿ ಅಂತ ಊಟ ಬಿಡೋರು ಸಾಮಾನ್ಯವಾಗಿ ಹೀಗೆ ಮಾತಾಡಲ್ಲ.

ಕಾಯಿಲೆ ಯಾವ್ದು ಅಂತ ಹೇಳೋದು ನನ್ನ ಕೆಲ್ಸ ಅಲ್ಲ. ಏನು ತಿಂದೆ, ಎಷ್ಟೊತ್ತಿಗೆ ನೋವು ಬಂತು, ತೂಕ ಎಷ್ಟು ಅಂತ ಡೈರಿ ಬರೆದು ಹೊಟ್ಟೆ ಸ್ಪೆಷಲಿಸ್ಟ್ ಹತ್ರ ತಗೊಂಡ್ಹೋಗು, ಹೊಟ್ಟೆಗೆ ರಕ್ತ ಕೊಡೋ ನಾಳ ಯಾರಾದ್ರೂ ನೋಡಿದಾರಾ ಅಂತ ನೇರವಾಗಿ ಕೇಳು ಅಂದೆ.

ಸ್ಪೆಷಲಿಸ್ಟ್ ಡಾಪ್ಲರ್ (ನಾಳದಲ್ಲಿ ರಕ್ತ ಎಷ್ಟು ವೇಗವಾಗಿ ಹರೀತಿದೆ ಅಂತ ನೋಡೋ ಸ್ಕ್ಯಾನ್) ಮಾಡ್ಸಿದ್ರು. ಉಸಿರು ಹೊರಗೆ ಬಿಟ್ಟಾಗ ಜಠರ, ಲಿವರ್‌ಗೆ ರಕ್ತ ಕೊಡೋ ಸೀಲಿಯಾಕ್ ಅಪಧಮನೀಲಿ ರಕ್ತದ ವೇಗ ಸಿಕ್ಕಾಪಟ್ಟೆ ಏರ್ತಿತ್ತು, ಸಿಟಿ ಆಂಜಿಯೋದಲ್ಲಿ (ರಕ್ತನಾಳದ ಸಿಟಿ ಸ್ಕ್ಯಾನ್) ನಾಳ ಕೊಕ್ಕೆ ಥರ ಬಾಗಿತ್ತು. ಕಾಯಿಲೆ ಹೆಸರು ಮೀಡಿಯನ್ ಆರ್ಕ್ಯುಯೇಟ್ ಲಿಗಮೆಂಟ್ ಸಿಂಡ್ರೋಮ್, ಡನ್‌ಬಾರ್ ಸಿಂಡ್ರೋಮ್ ಅಂತಾನೂ ಹೇಳ್ತಾರೆ. ವಪೆಯ (ಎದೆಗೂ ಹೊಟ್ಟೆಗೂ ನಡುವಿನ ಉಸಿರಾಟದ ಸ್ನಾಯು) ಒಂದು ನಾರಿನ ಪಟ್ಟಿ ಆ ನಾಳವನ್ನೂ ಸುತ್ತಲಿನ ನರಗಳನ್ನೂ ಒತ್ತೋದು. ಹೀಗೆ ಒತ್ತಿದ್ರೂ ಏನೂ ತೊಂದ್ರೆ ಇಲ್ಲದೆ ಇರೋರು ಎಷ್ಟೋ ಜನ ಇದಾರೆ, ಅದಕ್ಕೇ ಇವಳ ನೋವಿಗೆ ಬೇರೆ ಕಾರಣ ಒಂದೂ ಇಲ್ಲ ಅಂತ ಖಾತ್ರಿ ಮಾಡ್ಕೊಂಡೇ ಆಪರೇಷನ್‌ಗೆ ಹೋದ್ರು. ಲ್ಯಾಪ್ರೋಸ್ಕೋಪೀಲಿ ಪಟ್ಟಿ ಕತ್ತರಿಸಿ ನಾಳ ಬಿಡಿಸಿದ್ರು.

ಆಪರೇಷನ್‌ಗೆ ಮುಂಚೆನೇ ಇಬ್ಬರಿಗೂ ಹೇಳಿದ್ದೆ: ಎಲ್ಲರಿಗೂ ಪೂರ್ತಿ ವಾಸಿ ಆಗಲ್ಲ, ಕೆಲವರಿಗೆ ಆಮೇಲೆ ಸ್ಟೆಂಟೋ ಬೈಪಾಸೋ ಬೇಕಾಗುತ್ತೆ. ಇವ್ಳಿಗೆ ನೋವು ಬಹಳ ಮಟ್ಟಿಗೆ ಹೋಯ್ತು, ಆದ್ರೆ ತಟ್ಟೆ ಕಂಡ್ರೆ ಭಯ ಉಳೀತು. ನಿಜವಾದ ಕೌನ್ಸೆಲಿಂಗ್ ಶುರುವಾಗಿದ್ದೇ ಆವಾಗ. ದಿನಕ್ಕೆ ಐದಾರು ಸಲ ಸ್ವಲ್ಪ ಸ್ವಲ್ಪ ತಿನ್ನೋದು, ತಿನ್ನೋ ಮುಂಚೆ ನಿಧಾನಕ್ಕೆ ಉಸಿರಾಟ, ಅಮ್ಮ ಪಕ್ಕದಲ್ಲಿ ಕೂತು ತುತ್ತು ಎಣಿಸಬಾರ್ದು. ಅಮ್ಮನಿಗೆ ಇದೇ ಕಷ್ಟ ಆಗಿದ್ದು, ಪಾಪ.

ನಿಮ್ಮನೇಲೂ ಯಾರಿಗಾದ್ರೂ ಉಂಡ ಮೇಲೆ ನೋವು, ತೂಕ ಇಳೀತಿದೆ, ರಿಪೋರ್ಟ್ ಮಾತ್ರ ಎಲ್ಲಾ ನಾರ್ಮಲ್ ಅಂದ್ರೆ ರಕ್ತನಾಳದ ವಿಷ್ಯ ಡಾಕ್ಟ್ರನ್ನ ಕೇಳಿ. ಇದ್ದಕ್ಕಿದ್ದಂಗೆ ತಡ್ಕೊಳ್ಳೋಕಾಗದಂಥ ಹೊಟ್ಟೆನೋವು ಬಂದ್ರೆ ಡೈರಿ ಗೀರಿ ಏನೂ ಬೇಡ, ಸೀದಾ ಎಮರ್ಜೆನ್ಸಿಗೆ ಹೋಗಿ.