ಓದುಗರ ಪ್ರಶ್ನೆ: ಮಂಗಳನ ಕಪ್ಪು ಗುಂಡಿ ಎಷ್ಟು ಆಳ?

ಪ್ರಶ್ನೆ: ಮಂಗಳ ಗ್ರಹದ ಆರ್ಸಿಯಾ ಮಾನ್ಸ್ ಜ್ವಾಲಾಮುಖಿ ಮೇಲಿರೋ ಒಂದು ದುಂಡಗಿನ ಗುಂಡಿ ಫೋಟೋ ನೋಡ್ದೆ, ಮಸಿ ಬಳಿದ ಹಾಗಿದೆ. ಬ್ರೈಟ್‌ನೆಸ್ ಎಷ್ಟು ಏರಿಸಿದ್ರೂ ಒಳಗೆ ಏನೂ ಕಾಣಲ್ಲ. ಇದು ಉಲ್ಕೆ ಬಿದ್ದು ಆಗಿದ್ದಾ, ಗುಹೆ ಬಾಯಾ? ಆಳ ಹೇಗೆ ಗೊತ್ತಾಗುತ್ತೆ?

ಉತ್ತರ: ಉಲ್ಕೆ ಬಿದ್ದಿದ್ದಂತೂ ಅಲ್ಲ, ಅಂಚು ನೋಡಿದ್ರೇ ಗೊತ್ತಾಗುತ್ತೆ. ಉಲ್ಕೆ ಅಪ್ಪಳಿಸಿದ್ರೆ ಸುತ್ತ ಏರಿ ಎದ್ದಿರುತ್ತೆ, ಒಳಗಿನ ಕಲ್ಲು ಮಣ್ಣು ಹೊರಗೆ ಚೆಲ್ಲಿರುತ್ತೆ. ಇಲ್ಲಿ ಎರಡೂ ಇಲ್ಲ, ಲಾವಾ ನೆಲ ಸೀದಾ ಕಡಿದುಹೋಗಿದೆ, ಅಂದ್ರೆ ಕೆಳಗೆ ಟೊಳ್ಳಾಗಿ ಮೇಲಿನ ನೆಲ ಕುಸಿದಿದೆ. ಮಾರ್ಸ್ ಒಡಿಸ್ಸಿ ನೌಕೆ ಕಳಿಸಿದ ಚಿತ್ರಗಳಲ್ಲಿ ಇಂಥವು ಏಳು ಸಿಕ್ಕಿವೆ ಅಂತ 2007ರಲ್ಲಿ ವಿಜ್ಞಾನಿಗಳು ಹೇಳಿದ್ರು, ಅಗಲ ಸುಮಾರು 100ರಿಂದ 250 ಮೀಟರ್.

ನೀವು ನೋಡಿರೋದು 2007ರ ಮೇ ತಿಂಗಳಲ್ಲಿ ಮಾರ್ಸ್ ರೆಕನೈಸನ್ಸ್ ಆರ್ಬಿಟರ್ ಅನ್ನೋ ಇನ್ನೊಂದು ನೌಕೆಯ ಹೈರೈಸ್ ಕ್ಯಾಮೆರಾ ತೆಗೆದ ಚಿತ್ರ ಇರ್ಬೇಕು. ಮಂಗಳನ ಆಕಾಶದಲ್ಲಿ ಧೂಳು ಇರೋದ್ರಿಂದ ಬೆಳಕು ಚದುರಿ ಸಾಮಾನ್ಯವಾಗಿ ನೆರಳಿನ ಒಳಗೂ ಒಂಚೂರು ವಿವರ ಕಾಣುತ್ತೆ, ಈ ಕ್ಯಾಮೆರಾ ಅಷ್ಟು ಸೂಕ್ಷ್ಮ. ಆದ್ರೂ ಇಲ್ಲಿ ಏನೂ ಕಾಣಲಿಲ್ಲ, ಅದಕ್ಕೇ ಕೆಳಗೆ ದೊಡ್ಡ ಗುಹೆನೇ ಇರಬಹುದು ಅಂತ ಎಲ್ರಿಗೂ ಆಸೆ ಹುಟ್ಟಿದ್ದು. ಒಂದೇ ಫೋಟೋ ಹಿಡ್ಕೊಂಡು ಎಷ್ಟು ತಿದ್ದಿದ್ರೂ ಇದು ಬಗೆಹರಿಯಲ್ಲ, ಕ್ಯಾಮೆರಾಗೆ ಬರದೇ ಇರೋ ಬೆಳಕನ್ನ ಬ್ರೈಟ್‌ನೆಸ್ ಏರಿಸಿ ತರಕ್ಕಾಗಲ್ಲ.

ಅದೇ ವರ್ಷ ಆಗಸ್ಟ್‌ನಲ್ಲಿ ಈ ಎರಡನೇ ನೌಕೆ ಗುಂಡಿಯನ್ನ ಪಶ್ಚಿಮದ ಕಡೆಯಿಂದ ಓರೆಯಾಗಿ ನೋಡ್ತು. ಅಲ್ಲಿ ಮಧ್ಯಾಹ್ನ ಕಳೆದಿತ್ತು, ಬಿಸಿಲು ಪಶ್ಚಿಮದಿಂದ ಬಂದು ಪೂರ್ವದ ಗೋಡೆ ಮೇಲೆ ಬಿದ್ದಿತ್ತು, ಗೋಡೆ ಚೆನ್ನಾಗೇ ಕಾಣಿಸ್ತು! ಇನ್ನು ಆಳದ ಲೆಕ್ಕ ಸುಲಭ. ಸೂರ್ಯ 45 ಡಿಗ್ರಿ ಎತ್ತರದಲ್ಲಿದ್ರೆ ಗುಂಡಿ ಎಷ್ಟು ಅಗಲವೋ ಎದುರು ಗೋಡೆ ಮೇಲೆ ಅಷ್ಟೇ ಕೆಳಗಿನವರೆಗೆ ಬಿಸಿಲು ಇಳಿಯುತ್ತೆ, ಸೂರ್ಯ ಇನ್ನೂ ಮೇಲಿದ್ರೆ ಇನ್ನೂ ಕೆಳಗೆ. ಈ ಗುಂಡಿ 150 ಮೀಟರ್‌ಗೆ 157 ಮೀಟರ್ ಅಗಲ, ಬಿಸಿಲು ಬಿದ್ದ ಗೋಡೆಯಿಂದ ಸಿಕ್ಕ ಆಳ ಕನಿಷ್ಠ 178 ಮೀಟರ್. ಕನಿಷ್ಠ ಯಾಕೆ ಅಂದ್ರೆ ಅದರ ಕೆಳಗೆ ಮತ್ತೆ ನೆರಳೇ, ತಳ ಕಂಡಿಲ್ಲ. ಆದ್ರೆ ಕಂಡಷ್ಟು ಗೋಡೆ ನೆಟ್ಟಗೆ ಇಳಿದಿದೆ, ಪಕ್ಕಕ್ಕೆ ಗುಹೆ ತೆರೆದ ಗುರುತಿಲ್ಲ. ಹವಾಯಿ ದ್ವೀಪದ ಜ್ವಾಲಾಮುಖಿಗಳ ಮೇಲೂ ಹೀಗೇ ನೆಲ ಕುಸಿದು ಆದ ಗುಂಡಿಗಳಿವೆ. ಗುಹೆ ಬಾಯಿ ಅನ್ನೋದಕ್ಕಿಂತ ಇದು ಅದೇ ಜಾತಿಯ ಆಳವಾದ ಬಾವಿ ಅನ್ನೋದೇ ನನಗೆ ಸರಿ ಅನ್ಸುತ್ತೆ.

ಪ್ರಶ್ನೆ: ಕೆಲವು ಚಿತ್ರಗಳಲ್ಲಿ ಗುಂಡಿ ಒಂದ್ಸಲ ಗುಂಡಿ ಥರ, ಇನ್ನೊಂದ್ಸಲ ದಿಬ್ಬದ ಥರ ಕಾಣುತ್ತಲ್ಲ, ಯಾಕೆ?

ಉತ್ತರ: ಬೆಳಕು ಮೇಲಿಂದ ಬರುತ್ತೆ ಅಂತ ನಮ್ಮ ಕಣ್ಣು ತಾನೇ ಅಂದ್ಕೊಂಡುಬಿಡುತ್ತೆ, ಚಿತ್ರದಲ್ಲಿ ಕೆಳಗಿಂದ ಬಂದಿದ್ರೆ ಎಲ್ಲಾ ತಲೆಕೆಳಗು. ಬಿಸಿಲು ಯಾವ ಕಡೆಯಿಂದ ಅನ್ನೋದು ಚಿತ್ರದ ವಿವರದಲ್ಲಿ ಇರುತ್ತೆ, ಮೊದಲು ಅದನ್ನ ಓದಿ. ಗುಂಡಿಯಾದ್ರೆ ಬೆಳಕು ಬರೋ ಕಡೆಯ ಒಳಗೋಡೆಗೆ ನೆರಳು, ದಿಬ್ಬವಾದ್ರೆ ಅದೇ ಕಡೆಗೆ ಬಿಸಿಲು.