ಕತ್ತಲಲ್ಲಿ ಫೋನ್ ತೆಗೆದದ್ದು ತಪ್ಪಾ?

ಪ್ರಶ್ನೆ: ನಮಸ್ತೆ ಮೇಡಂ. ನನಗೆ 43 ವರ್ಷ. ಅಮ್ಮನಿಗೆ ಸ್ಟ್ರೋಕ್ ಆಗಿ ಎರಡು ವರ್ಷವಾಯಿತು, ನಮ್ಮ ಜೊತೆಗೇ ಇದ್ದಾರೆ. ಬಲಗೈ, ಬಲಗಾಲು ಸ್ವಾಧೀನದಲ್ಲಿಲ್ಲ. ಮಾತು ತೊದಲುತ್ತದೆ, ಆದರೆ ಎಲ್ಲವೂ ಅರ್ಥವಾಗುತ್ತದೆ. ನೋಡಿಕೊಳ್ಳಲು ಒಬ್ಬರು ಬರುತ್ತಾರೆ. ನಾನೂ ನಮ್ಮ ಮನೆಯವರೂ ಒಟ್ಟಿಗೆ ಹೊರಗೆ ಹೋಗುವುದು ತಿಂಗಳಿಗೆ ಒಂದೇ ಸಲ, ಸಿನಿಮಾಕ್ಕೋ ನಾಟಕಕ್ಕೋ. ನನಗೆ ನಾಟಕದ ಹುಚ್ಚು ಹಿಡಿಸಿದ್ದೇ ಅಮ್ಮ.

ಕಳೆದ ತಿಂಗಳು ನಾಟಕಕ್ಕೆ ಹೋಗಿದ್ದೆವು. ಫೋನ್ ಸೈಲೆಂಟ್‌ನಲ್ಲಿತ್ತು. ಮಧ್ಯೆ ಮಧ್ಯೆ ತೆಗೆದು ನೋಡುತ್ತಿದ್ದೆ, ಅಮ್ಮನ ಬಗ್ಗೆ ಏನಾದರೂ ಮೆಸೇಜ್ ಬಂದಿದೆಯಾ ಅಂತ. ಐದಾರು ಸಲ ನೋಡಿರಬಹುದು. ಯಾರಿಗೂ ಕಾಣದ ಹಾಗೆ ಮಡಿಲಲ್ಲಿಟ್ಟುಕೊಂಡು, ಕೈ ಅಡ್ಡ ಹಿಡಿದೇ ನೋಡಿದ್ದು. ಹಿಂದಿನ ಸಾಲಿನ ವಯಸ್ಸಾದ ಒಬ್ಬರು ಮುಂದಕ್ಕೆ ಬಗ್ಗಿ, "ಫೋನ್ ನೋಡೋದಿದ್ರೆ ಮನೇಲೇ ಕೂತು ನೋಡಬಹುದಿತ್ತಲ್ಲಮ್ಮ" ಅಂದರು. ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ನಮ್ಮ ಮನೆಯವರು ಒಂದು ಮಾತೂ ಆಡಲಿಲ್ಲ. ನನಗೆ ಕಣ್ಣೀರು ತಡೆಯಲಾಗಲಿಲ್ಲ, ಕೊನೆಯ ದೃಶ್ಯ ಬಿಟ್ಟು ಹೊರಗೆ ಬಂದು ನಿಂತೆ. ಮನೆಗೆ ಬರುವಾಗ ಇವರು "ಅವರು ಹೇಳಿದ್ದರಲ್ಲಿ ತಪ್ಪೇನಿದೆ?" ಅಂದುಬಿಟ್ಟರು. ಆವತ್ತಿನಿಂದ ಎಲ್ಲಿಗೂ ಹೋಗಿಲ್ಲ. ಇನ್ನು ಹೋಗುವುದೂ ಇಲ್ಲ ಅಂದಿದ್ದೇನೆ. ನಾನು ಮಾಡಿದ್ದು ಅಷ್ಟು ದೊಡ್ಡ ತಪ್ಪಾ? ನನ್ನಂಥವರು ಇಂಥ ಕಡೆ ಹೋಗಲೇಬಾರದಾ?

ಉತ್ತರ: ನೇರವಾಗಿ ಹೇಳುತ್ತೇನೆ. ಫೋನ್ ಆನ್ ಇಟ್ಟುಕೊಂಡು ಒಳಗೆ ಹೋದದ್ದು ತಪ್ಪಲ್ಲ. ಕತ್ತಲಲ್ಲಿ ಅದರ ಪರದೆ ಬೆಳಗಿಸಿದ್ದು ತಪ್ಪು. ಇವೆರಡನ್ನೂ ನೀವು ಒಂದೇ ಅಂದುಕೊಂಡಿದ್ದೀರಿ, ಅದಕ್ಕೇ "ಹೋಗಲೇಬಾರದಾ" ಎಂಬಲ್ಲಿಗೆ ಬಂದು ನಿಂತಿದ್ದೀರಿ. ಹೋಗಬೇಕು. ಖಂಡಿತ ಹೋಗಬೇಕು. ಆದರೆ ಆ ಬೆಳಕಿನ ವಿಷಯ ಸ್ವಲ್ಪ ಮಾತಾಡೋಣ, ಏಕೆಂದರೆ ಕೈ ಅಡ್ಡ ಹಿಡಿದರೆ ಸಾಕು ಅಂತ ನೀವು ಪ್ರಾಮಾಣಿಕವಾಗಿ ನಂಬಿದ್ದಿರಿ. ಬಹಳ ಜನ ಹಾಗೇ ನಂಬಿರುತ್ತಾರೆ.

ಕೈ ಅಡ್ಡ ಹಿಡಿದರೆ ಪಕ್ಕದವರಿಗೆ ಬೆಳಕು ಕಾಣುವುದಿಲ್ಲ, ನಿಜ. ಹಿಂದಿನವರಿಗೆ? ರಂಗಮಂದಿರದಲ್ಲಿ ಸೀಟುಗಳು ಮೆಟ್ಟಿಲಿನ ಹಾಗೆ ಮೇಲೆ ಮೇಲೆ ಏರುತ್ತಾ ಹೋಗುತ್ತವೆ. ನಿಮ್ಮ ಹಿಂದೆ ಕೂತವರಿಗೆ ನಿಮ್ಮ ತಲೆಯ ಮೇಲಿಂದ ರಂಗ ಕಾಣಬೇಕು ಅಂತಲೇ ಹಾಗೆ ಕಟ್ಟಿರುತ್ತಾರೆ. ಅಂದಮೇಲೆ ನಿಮ್ಮ ಮಡಿಲೂ ಅವರಿಗೆ ಕಾಣುತ್ತದೆ. ನಟರಿಗೂ ಕಾಣುತ್ತದೆ, ಫೋನ್ ಅಲ್ಲ, ಮುಖ. ಎದುರಿಗೆ ಇಡೀ ಸಭಾಂಗಣ ಕಪ್ಪಗಿರುತ್ತದೆ, ಅದರ ನಡುವೆ ಒಂದು ಮುಖ ಮಾತ್ರ ಕೆಳಗಿನಿಂದ ನೀಲಿಯಾಗಿ ಬೆಳಗಿ, ತಲೆ ತಗ್ಗಿಸಿಕೊಂಡಿರುತ್ತದೆ. ಅವರು ಸಂಭಾಷಣೆ ಹೇಳುತ್ತಿರುವುದು ಆ ಮುಖಕ್ಕೇ.

ಸಿನಿಮಾದಲ್ಲೂ ಅಷ್ಟೇ. ಅಷ್ಟು ದೊಡ್ಡ ಪರದೆಯೇ ಝಗಝಗ ಅನ್ನುತ್ತಿರುವಾಗ ಅಂಗೈ ಅಗಲದ ಫೋನ್ ಏನು ಮಹಾ ಅಂತ ಅನಿಸುತ್ತದೆ ಅಲ್ವಾ? ಲೆಕ್ಕ ಬೇರೆಯೇ ಇದೆ. ಡಿಜಿಟಲ್ ಸಿನಿಮಾ ಪರದೆಗೆ ನಿಗದಿ ಮಾಡಿರುವ ಹೊಳಪು 48 ನಿಟ್ಸ್ ಮಾತ್ರ. ಪರದೆಯ ಹೊಳಪನ್ನು ಅಳೆಯುವುದು ನಿಟ್ಸ್‌ನಲ್ಲಿ. ಸಾಧಾರಣ ಫೋನ್ ಕೂಡ ಪೂರ್ತಿ ಬ್ರೈಟ್‌ನೆಸ್ ಇಟ್ಟರೆ 400 ನಿಟ್ಸ್ ಮುಟ್ಟುತ್ತದೆ. ಕಡಿಮೆ ಮಾಡಿಟ್ಟುಕೊಂಡರೂ ಕತ್ತಲಿಗೆ ಹೊಂದಿಕೊಂಡ ಕಣ್ಣಿಗೆ ಅದು ಚುಚ್ಚುತ್ತದೆ. ಕಣ್ಣು ಪೂರ್ತಿಯಾಗಿ ಕತ್ತಲಿಗೆ ಒಗ್ಗಲು 20ರಿಂದ 30 ನಿಮಿಷ ಬೇಕು. ಅದು ಕೆಡಲು ಒಂದು ಕ್ಷಣ ಸಾಕು. ನೀವು ಐದಾರು ಸಲ ನೋಡಿದಿರಿ. ಹಿಂದೆ ಕೂತ ಹಿರಿಯರ ಕಣ್ಣಿಗೆ ಐದಾರು ಸಲ ಹಾಗಾಯಿತು. ವಯಸ್ಸಾದ ಕಣ್ಣು ಚೇತರಿಸಿಕೊಳ್ಳಲು ಇನ್ನೂ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತದೆ.

ಇದು ಆ ಒಬ್ಬರ ಸಿಡುಕು ಅಂತಲೂ ಅಂದುಕೊಳ್ಳಬೇಡಿ. ನ್ಯೂಯಾರ್ಕ್ ನಗರದಲ್ಲಿ ನಾಟಕ, ಸಿನಿಮಾ, ಸಂಗೀತ ನಡೆಯುವಾಗ ಫೋನ್ ಬಳಸಿದವರಿಗೆ 50 ಡಾಲರ್ ದಂಡ ಹಾಕುವ ಕಾನೂನು 2003ರಲ್ಲೇ ಬಂತು. 2016ರಲ್ಲಿ ಅಮೆರಿಕದ ಎಎಂಸಿ ಚಿತ್ರಮಂದಿರಗಳ ಮುಖ್ಯಸ್ಥರು, ಕೆಲವು ಕಡೆ ಪ್ರೇಕ್ಷಕರಿಗೆ ಮೆಸೇಜ್ ಮಾಡಲು ಬಿಡುವ ಬಗ್ಗೆ ಯೋಚಿಸಬಹುದು ಅಂತ ಒಂದು ಮಾತು ಆಡಿದರು. ಜನ ಎಷ್ಟು ಸಿಟ್ಟಾದರೆಂದರೆ ಕೆಲವೇ ದಿನಗಳಲ್ಲಿ ಆ ಯೋಚನೆಯನ್ನೇ ಕೈಬಿಡಬೇಕಾಯಿತು. ಅದರ ಹಿಂದಿನ ವರ್ಷ ಅದೇ ನ್ಯೂಯಾರ್ಕ್‌ನಲ್ಲಿ ನಟಿ ಪ್ಯಾಟಿ ಲುಪೋನ್, ನಾಟಕದುದ್ದಕ್ಕೂ ಮೆಸೇಜ್ ಮಾಡುತ್ತಿದ್ದ ಪ್ರೇಕ್ಷಕಿಯೊಬ್ಬರ ಕೈಯಿಂದ ಫೋನ್ ಕಿತ್ತುಕೊಂಡೇ ಒಳಗೆ ಹೋದರು. ಆಟ ಮುಗಿದ ಮೇಲೆ ವಾಪಸ್ ಕೊಡಿಸಿದರು. ಕಿತ್ತುಕೊಂಡದ್ದು ಸರಿ ಅಂತ ನಾನು ಹೇಳುವುದಿಲ್ಲ. ಆದರೆ ರಂಗದ ಮೇಲೆ ನಿಂತವರಿಗೆ ಅದು ಎಷ್ಟು ನೋವು ಕೊಡುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ನನಗೂ ಇದು ತಡವಾಗಿಯೇ ಗೊತ್ತಾಗಿದ್ದು. ಕೆಲವು ವರ್ಷಗಳ ಹಿಂದೆ ಒಂದು ನಾಟಕ ನೋಡುತ್ತಿದ್ದೆ. ಎಂಟನೇ ಸಾಲು. ರಂಗದ ಮೇಲೆ ಅಪ್ಪನ ಪಾತ್ರದವರು ಮಗನ ಕಾಗದ ಕೈಯಲ್ಲಿ ಹಿಡಿದು ನಿಂತಿದ್ದರು, ಒಡೆಯಲೋ ಬೇಡವೋ ಅಂತ. ಯಾರೂ ಉಸಿರು ಬಿಡುತ್ತಿರಲಿಲ್ಲ. ಆಗ ನನ್ನ ಚೀಲದೊಳಗೆ ಅಲಾರಂ ಹೊಡೆಯಿತು, ರಾತ್ರಿ ಎಂಟರ ಮಾತ್ರೆಯದ್ದು. ಸೈಲೆಂಟ್ ಮಾಡಿಯೇ ಒಳಗೆ ಬಂದಿದ್ದೆ. ಚೀಲದ ಜಿಪ್ ಸಿಕ್ಕಿಹಾಕಿಕೊಂಡಿತು, ಕೈ ನಡುಗುತ್ತಿತ್ತು, ಫೋನ್ ಬದಲು ಕನ್ನಡಕದ ಡಬ್ಬಿ ಕೈಗೆ ಬಂತು. ಆ ನಟ ಕಾಗದವನ್ನು ಎದೆಗೆ ಒತ್ತಿಕೊಂಡು ಹಾಗೇ ನಿಂತಿದ್ದರು. ಅಲಾರಂ ನಿಂತ ಮೇಲೆ ಮತ್ತೆ ಕಾಗದದ ಕಡೆ ನೋಡಿದರು. ಆದರೆ ಆ ಮೌನ ತಿರುಗಿ ಬರಲಿಲ್ಲ. ನಾನು ಒಬ್ಬಳೇ ಅದನ್ನು ಮುರಿದಿದ್ದೆ, ಕೂತಿದ್ದ ಎಲ್ಲರ ಪಾಲಿಗೂ.

ಫೋನ್ ಸೈಲೆಂಟ್‌ನಲ್ಲಿದ್ದರೂ ಅಲಾರಂ ಹೊಡೆದೇ ಹೊಡೆಯುತ್ತದೆ ಅಂತ ನನಗೆ ಆವರೆಗೆ ಗೊತ್ತಿರಲಿಲ್ಲ. 2012ರ ಜನವರಿಯಲ್ಲಿ ನ್ಯೂಯಾರ್ಕ್ ಫಿಲ್ಹಾರ್ಮೋನಿಕ್ ಎಂಬ ವಾದ್ಯವೃಂದದವರು ಸಂಗೀತ ರಚನಕಾರ ಮಾಹ್ಲರ್ ಅವರ ಒಂಬತ್ತನೇ ಸಿಂಫನಿ ನುಡಿಸುವಾಗಲೂ ಆದದ್ದು ಇದೇ. ಕೊನೆಯ ಭಾಗ, ತೀರಾ ಮೆಲ್ಲಗಿನ ಸಂಗೀತ. ಮುಂದಿನ ಸಾಲಿನಲ್ಲಿ ಫೋನ್ ಬಾರಿಸತೊಡಗಿತು, ನಿಲ್ಲಲೇ ಇಲ್ಲ. ನಿರ್ದೇಶಕ ಅಲನ್ ಗಿಲ್ಬರ್ಟ್ ಇಡೀ ವಾದ್ಯವೃಂದವನ್ನು ನಿಲ್ಲಿಸಿ, ಆ ಸದ್ದು ಅಡಗುವ ತನಕ ಕಾದರು. ಆಮೇಲೆ ಗೊತ್ತಾಯಿತು, ಆ ಮನುಷ್ಯನಿಗೆ ಹಿಂದಿನ ದಿನವಷ್ಟೇ ಆ ಹೊಸ ಫೋನ್ ಸಿಕ್ಕಿತ್ತು. ಸೈಲೆಂಟ್ ಮಾಡಿದ್ದರು. ಹೊಡೆದದ್ದು ಅಲಾರಂ. ಅದು ತಮ್ಮದೇ ಫೋನ್ ಅಂತಲೂ ಮೊದಲು ಅವರಿಗೆ ಹೊಳೆದಿರಲಿಲ್ಲ. ಕೆಟ್ಟವರೇನಲ್ಲ, ಸಂಗೀತವನ್ನು ಪ್ರೀತಿಸುವವರೇ. ನೀವೂ ಕೆಟ್ಟವರಲ್ಲ.

ಈಗ ನಿಮ್ಮ ವಿಷಯ. ನೀವು ಬರೆದದ್ದರಲ್ಲಿ ನನಗೆ ಬಹಳ ನಾಟಿದ ಮಾತು, "ಮೆಸೇಜ್ ಬಂದಿದೆಯಾ ಅಂತ" ನೋಡುತ್ತಿದ್ದೆ ಅಂದಿರಲ್ಲ, ಅದು. ಅಂದರೆ ಫೋನ್ ನಿಮ್ಮನ್ನು ಕರೆಯಲಿಲ್ಲ. ನೀವೇ ಅದನ್ನು ಹೋಗಿ ಹೋಗಿ ಕೇಳುತ್ತಿದ್ದಿರಿ, ಅಮ್ಮ ಚೆನ್ನಾಗಿದ್ದಾರಾ ಅಂತ. ಪ್ರತಿ ಸಲವೂ ಏನೂ ಇರಲಿಲ್ಲ. ಹತ್ತು ನಿಮಿಷ ಸಮಾಧಾನ, ಆಮೇಲೆ ಮತ್ತೆ ಅದೇ ಭಯ. ಎರಡು ವರ್ಷದಿಂದ ರಾತ್ರಿ ಹಗಲು ಕಿವಿ ತೆರೆದುಕೊಂಡೇ ಬದುಕಿದವರಿಗೆ ಇದು ಸಹಜ. ಆದರೆ ಮೆಸೇಜ್‌ಗಾಗಿ ಕಾಯುವ ಏರ್ಪಾಡು ಇದ್ದರೆ ನೀವು ನೋಡುತ್ತಲೇ ಇರಬೇಕಾಗುತ್ತದೆ. ಅದನ್ನು ಬದಲಾಯಿಸಿ.

ಮನೆಯಲ್ಲಿ ನೋಡಿಕೊಳ್ಳುವವರಿಗೆ ಹೊರಡುವ ಮುಂಚೆ ಒಂದೇ ಮಾತು ಹೇಳಿ: "ಮೆಸೇಜ್ ಮಾಡಬೇಡಿ. ಏನಾದರೂ ಆದರೆ ಫೋನ್ ಮಾಡಿ. ಎತ್ತಲಿಲ್ಲ ಅಂದರೆ ತಕ್ಷಣ ಇನ್ನೊಂದು ಸಲ ಮಾಡಿ." ಆಮೇಲೆ ನಿಮ್ಮ ಫೋನ್‌ನಲ್ಲಿ ಡು ನಾಟ್ ಡಿಸ್ಟರ್ಬ್ ಹಾಕಿ, ಅವರೊಬ್ಬರ ನಂಬರ್‌ಗೆ ಮಾತ್ರ ಅವಕಾಶ ಕೊಡಿ, ಎಲ್ಲ ಸ್ಮಾರ್ಟ್‌ಫೋನ್‌ಗಳಲ್ಲೂ ಇದು ಆಗುತ್ತದೆ. ರಿಂಗ್ ತೆಗೆದು ವೈಬ್ರೇಟ್ ಇಡಿ. ಅಲಾರಂಗಳನ್ನು ಒಂದೊಂದಾಗಿ ನೋಡಿ ಆಫ್ ಮಾಡಿ. ಫೋನ್ ಚೀಲದಲ್ಲಿಟ್ಟು ನೆಲಕ್ಕೆ ಇಡಬೇಡಿ, ಮರದ ನೆಲದ ಮೇಲೆ ವೈಬ್ರೇಟ್ ಆದರೆ ಗುಂಯ್ ಅಂತ ನಾಲ್ಕು ಸಾಲಿಗೆ ಕೇಳಿಸುತ್ತದೆ. ಮೈಗೆ ತಾಗಿರಲಿ. ಅದು ನಡುಗದಿದ್ದರೆ ಅಮ್ಮ ಚೆನ್ನಾಗಿದ್ದಾರೆ ಅಂತಲೇ ಅರ್ಥ. ನಡುಗಿದರೆ ಪರದೆ ನೋಡಲು ಹೋಗದೆ, ಎದ್ದು ಹೊರಗೆ ಹೋಗಿ ಮಾತಾಡಿ. ಅದಕ್ಕೇ ಟಿಕೆಟ್ ತೆಗೆಯುವಾಗ ಹಿಂದಿನ ಕಡೆಯ, ದಾರಿಯ ಪಕ್ಕದ ಸೀಟು ಕೇಳಿ. ಯಾರ ಮಂಡಿಯನ್ನೂ ತಳ್ಳಿಕೊಂಡು ಹೋಗಬೇಕಾಗಿಲ್ಲ. ಬಾಗಿಲಲ್ಲಿ ನಿಂತವರಿಗೂ ಒಂದು ಮಾತು ಹೇಳಿಡಿ, ಮನೆಯಲ್ಲಿ ಹುಷಾರಿಲ್ಲದವರಿದ್ದಾರೆ, ಮಧ್ಯೆ ಏಳಬೇಕಾಗಬಹುದು ಅಂತ. ಮೊಬೈಲ್ ಬರುವ ಮೊದಲು ಡಾಕ್ಟರುಗಳು ನಾಟಕಕ್ಕೆ ಬರುತ್ತಿದ್ದುದೇ ಹೀಗೆ. ತಮ್ಮ ಸೀಟ್ ನಂಬರ್ ಹೊರಗೆ ಹೇಳಿ ಬರುತ್ತಿದ್ದರು, ತುರ್ತು ಕರೆ ಬಂದರೆ ಯಾರಾದರೂ ಬಂದು ಮೆಲ್ಲಗೆ ಕರೆಯುತ್ತಿದ್ದರು.

ಕೈಗೆ ಸ್ಮಾರ್ಟ್ ವಾಚ್ ಕಟ್ಟಿಕೊಳ್ಳುವ ಅಭ್ಯಾಸವಿದ್ದರೆ ಇನ್ನೂ ಸುಲಭ, ಕರೆ ಬಂದಾಗ ಮಣಿಕಟ್ಟಿಗೆ ಗೊತ್ತಾಗುತ್ತದೆ. ಆದರೆ ಕೈ ಎತ್ತಿದಾಗಲೆಲ್ಲ ಅದೂ ಬೆಳಗುತ್ತದೆ, ಚಪ್ಪಾಳೆ ತಟ್ಟಿದರೂ ಬೆಳಗುತ್ತದೆ. ಆಪಲ್ ವಾಚ್‌ನಲ್ಲಿ ಇದಕ್ಕೆಂದೇ ಥಿಯೇಟರ್ ಮೋಡ್ ಇದೆ: ಮುಟ್ಟುವ ತನಕ ಪರದೆ ಕಪ್ಪಗೇ ಇರುತ್ತದೆ, ಸದ್ದಿಲ್ಲ, ನಡುಕ ಮಾತ್ರ. ಬೇರೆ ವಾಚ್‌ಗಳಲ್ಲೂ ಕೈ ಎತ್ತಿದರೆ ಬೆಳಗುವುದನ್ನು ಆಫ್ ಮಾಡಬಹುದು.

ಆ ಹಿರಿಯರ ಬಗ್ಗೆ. ಅವರು ಹೇಳಿದ ವಿಷಯ ಸರಿ, ಹೇಳಿದ ರೀತಿ ಸರಿಯಿಲ್ಲ. "ಅಮ್ಮಾ, ಬೆಳಕು ಕಣ್ಣಿಗೆ ಹೊಡೀತಿದೆ" ಅಂದಿದ್ದರೆ ಸಾಕಿತ್ತು, ನೀವು ಆಗಲೇ ಒಳಗಿಡುತ್ತಿದ್ದಿರಿ. ಮನೇಲೇ ಕೂತಿರಬಹುದಿತ್ತು ಅನ್ನುವ ಮಾತು, ಮನೆಯಿಂದ ಹೊರಗೆ ಬರುವುದೇ ಕಷ್ಟವಾದವರಿಗೆ ಎಲ್ಲಿ ತಾಗುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ. ಗೊತ್ತಾಗಲು ಸಾಧ್ಯವೂ ಇರಲಿಲ್ಲ. ನಿಮ್ಮ ಎರಡು ವರ್ಷ ಅವರಿಗೆ ಕಾಣುವುದಿಲ್ಲ, ಬೆಳಕು ಮಾತ್ರ ಕಾಣುತ್ತದೆ. ಆ ಕತ್ತಲಲ್ಲಿ ಅಮ್ಮನ ಕಥೆ ಹೇಳಲು ನಿಮಗೂ ಆಗುತ್ತಿರಲಿಲ್ಲ, ಕೇಳಲು ಅವರಿಗೂ ಆಗುತ್ತಿರಲಿಲ್ಲ. ಮುಂದೆ ಯಾರಾದರೂ ಏನಾದರೂ ಅಂದರೆ "ಕ್ಷಮಿಸಿ" ಅಂತ ಹೇಳಿ ಫೋನ್ ಒಳಗಿಡಿ, ಅಷ್ಟೇ.

ನಿಮ್ಮ ಯಜಮಾನರ ಮೌನ ನಿಮಗೆ ಹಿರಿಯರ ಮಾತಿಗಿಂತ ಜಾಸ್ತಿ ನೋಯಿಸಿದೆ. ಪತ್ರದಲ್ಲಿ ನೀವು ಅದನ್ನು ಒಂದೇ ಸಾಲಿನಲ್ಲಿ ಬರೆದು ಮುಂದೆ ಹೋಗಿದ್ದೀರಿ, ಆದರೆ ಎಲ್ಲಿಗೂ ಹೋಗುವುದಿಲ್ಲ ಅಂತ ಹಟ ಹಿಡಿದದ್ದು ಅವರ ಮುಂದೆ ತಾನೆ? ನಾಟಕದ ಮಧ್ಯೆ ಅವರು ವಾದಕ್ಕೆ ಇಳಿಯದಿದ್ದದ್ದು ಒಳ್ಳೆಯದೇ ಆಯಿತು. ಆದರೆ ಹೊರಗೆ ಬಂದ ಮೇಲೆ, ಅಳುತ್ತಾ ನಿಂತ ಹೆಂಡತಿಗೆ ಮೊದಲು ಹೇಳುವ ಮಾತು ಅದಲ್ಲ. ಇದನ್ನು ಅವರಿಗೆ ಹೇಳಿ. ಯಾರು ಸರಿ ಯಾರು ತಪ್ಪು ಅಂತ ಪಂಚಾಯಿತಿ ಮಾಡಬೇಡಿ, "ಆವತ್ತು ನೀವು ನನ್ನ ಕೈ ಹಿಡಿದುಕೊಂಡಿದ್ದರೆ ಸಾಕಿತ್ತು" ಅಂತ ಹೇಳಿ. ಅವರಿಗೂ ತಿಂಗಳಿಗೊಂದು ಸಂಜೆಯೇ ಸಿಗುತ್ತಿದ್ದದ್ದು. ಅದರಲ್ಲೂ ನೀವು ಪಕ್ಕದಲ್ಲಿ ಕೂತು ಫೋನ್ ನೋಡುತ್ತಿದ್ದಿರಿ ಅನ್ನುವ ಬೇಸರ ಅವರಿಗೂ ಇರಬಹುದು, ಕೇಳಿ ನೋಡಿ.

ಮತ್ತೆ ಒಂದು ಕೆಲಸ ಮಾಡಿ. ಮುಂದಿನ ಸಲ ಫೋನ್ ಅವರ ಜೇಬಿನಲ್ಲಿರಲಿ. ಮನೆಯಲ್ಲಿ ಇರುವವರಿಗೆ ಅವರ ನಂಬರ್ ಕೊಡಿ. ಕರೆ ಬಂದರೆ ಏಳುವವರು ಅವರು, ಹೊರಗೆ ಹೋಗಿ ಮಾತಾಡುವವರು ಅವರು, ಅಗತ್ಯವಿದ್ದರೆ ಬಂದು ನಿಮ್ಮ ಭುಜ ಮುಟ್ಟುವವರೂ ಅವರೇ. ಎರಡು ಗಂಟೆ ಕಾವಲು ಅವರದ್ದು. ನಿಮ್ಮ ಕೈ ಖಾಲಿ ಇರಲಿ. ಮೊದಲ ಅರ್ಧ ಗಂಟೆ ಬೆರಳುಗಳು ಫೋನ್ ಹುಡುಕುತ್ತವೆ, ನೆಮ್ಮದಿ ಇರುವುದಿಲ್ಲ. ಅದಕ್ಕೆ ಹೆದರಿ ಎದ್ದು ಬರಬೇಡಿ. ತಡೆಯಲಾಗದೇ ಹೋದರೆ ಅವರ ಕಿವಿಯಲ್ಲಿ ಕೇಳಿ. "ಏನೂ ಬಂದಿಲ್ಲ" ಅಂತ ಅವರು ತಲೆಯಾಡಿಸಿದರೆ ಆಯಿತು. ಅದರಿಂದ ಯಾರ ಕಣ್ಣಿಗೂ ಬೆಳಕು ಹೊಡೆಯುವುದಿಲ್ಲ.

ಶುರುವಿನಲ್ಲಿ ಮೂರು ಗಂಟೆಯ ಸಿನಿಮಾ ಬೇಡ, ಚಿಕ್ಕದಕ್ಕೆ ಹೋಗಿ. ಎಷ್ಟು ಹೊತ್ತಿನ ಆಟ, ಇಂಟರ್ವಲ್ ಇದೆಯಾ ಅಂತ ಟಿಕೆಟ್ ಕೊಡುವಲ್ಲಿ ಕೇಳಿಕೊಳ್ಳಿ, ಅಷ್ಟು ಗೊತ್ತಿದ್ದರೇ ಅರ್ಧ ಆತಂಕ ಕಡಿಮೆಯಾಗುತ್ತದೆ. ಅಮ್ಮನಿಗೂ ಹೇಳಿ ಹೋಗಿ. ಎಲ್ಲ ಅರ್ಥವಾಗುತ್ತದೆ ಅಂದಿರಲ್ಲ. ಕದ್ದು ಹೋಗುವ ಹಾಗೆ ಹೋಗಬೇಡಿ, ಅವರ ಪಕ್ಕ ಐದು ನಿಮಿಷ ಕೂತು, ಯಾವ ನಾಟಕ, ಯಾರು ಮಾಡುತ್ತಿದ್ದಾರೆ ಅಂತ ಹೇಳಿ ಎದ್ದುಬನ್ನಿ. ಹುಚ್ಚು ಹಿಡಿಸಿದವರು ಅವರೇ ತಾನೆ. ಬಂದ ಮೇಲೆ ಕಥೆ ಪೂರ್ತಿ ಕೇಳುತ್ತಾರೆ ನೋಡಿ.

ಸಾಧ್ಯವಾದರೆ ಅದೇ ನಾಟಕಕ್ಕೇ ಇನ್ನೊಂದು ಸಲ ಹೋಗಿ. ಕೊನೆಯ ದೃಶ್ಯ ಇನ್ನೂ ಬಾಕಿ ಇದೆಯಲ್ಲ.