ದರದ ಗುಟ್ಟು, ರೋಗದ ಗುಟ್ಟು: ಒಬ್ಬ ದಾಳಿಂಬೆ ಬೆಳೆಗಾರರ ಪ್ರಕರಣ

ಈ ಪ್ರಕರಣವನ್ನು, ನನ್ನಲ್ಲಿ ಆಪ್ತಸಲಹೆಗೆ ಬಂದ ಸಲಹಾರ್ಥಿಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು ಮತ್ತು ಕುಟುಂಬದ ವಿವರಗಳನ್ನು ಬದಲಿಸಿದ್ದೇನೆ. ಇವರು ಬಹುಕಾಲದಿಂದ ಪುಣೆಯಲ್ಲಿ ನೆಲೆಸಿರುವ, ವಿಜಯಪುರ ಜಿಲ್ಲೆಯ ಕಡೆಯ ಮಧ್ಯವಯಸ್ಸಿನ ಗೃಹಸ್ಥರು. ಗುಲ್ಟೇಕಡಿಯ ಮಾರ್ಕೆಟ್ ಯಾರ್ಡಿನಲ್ಲಿ ಕಮಿಷನ್ ಮೇಲೆ ಹಣ್ಣು ಮಾರಿಕೊಡುವ ಅಡತಿ ಅಂಗಡಿಯೊಂದರ ಲೆಕ್ಕಪತ್ರ ನೋಡಿಕೊಳ್ಳುತ್ತಾರೆ. ಊರಿನಲ್ಲಿ ತಮ್ಮನೊಂದಿಗೆ ಸೇರಿ ಭಗವಾ ತಳಿಯ ದಾಳಿಂಬೆ ಬೆಳೆಯುತ್ತಾರೆ. ಬೆಳಗಿನ ಜಾವದಲ್ಲೇ ಎಚ್ಚರವಾಗುತ್ತದೆ, ಮನೆಯವರ ಮೇಲೆ ಕಾರಣವಿಲ್ಲದೆ ರೇಗುತ್ತಾರೆ ಎಂದು ಮಗಳು ಅವರನ್ನು ನನ್ನಲ್ಲಿಗೆ ಕರೆತಂದಿದ್ದರು. ಊರಿಗೆ ಹೋದಾಗಲೆಲ್ಲ ತೋಟದ ಹತ್ತಿರದ ದಾರಿ ಬಿಟ್ಟು ಸುತ್ತಿಬಳಸಿ ಹೋಗುತ್ತಾರೆಂಬುದನ್ನೂ ಆಕೆಯೇ ಹೇಳಿದರು.

ಆ ಹತ್ತಿರದ ದಾರಿಯಲ್ಲಿ, ಇವರು ‘ಕಾಕಾ’ ಎಂದು ಕರೆಯುವ ನೆರೆಯ ಹಿರಿಯ ರೈತರ ಹೊಲವಿದೆ. ಸೋಲಾಪುರ, ವಿಜಯಪುರದ ಕಡೆಯ ರೈತರು ತೇಲ್ಯಾ ಎನ್ನುವ ದುಂಡಾಣು ಅಂಗಮಾರಿ ರೋಗದಿಂದ ಕಾಕಾ ಅವರ ದಾಳಿಂಬೆ ಹಣ್ಣುಗಳು ಎಣ್ಣೆಚುಕ್ಕೆ ಬಿದ್ದು ಸೀಳಿದ್ದವು. ಕೊನೆಗೆ ಅವರು ಜೆಸಿಬಿ ತರಿಸಿ ಇಡೀ ತೋಟವನ್ನು ಕೀಳಿಸಿದರು. ಸಲಹಾರ್ಥಿಯ ತೋಟ ಮಾತ್ರ ಉಳಿದಿತ್ತು. ಅವರು ಸೋಲಾಪುರದ ಕೇಗಾಂವ್‌ನಲ್ಲಿರುವ ರಾಷ್ಟ್ರೀಯ ದಾಳಿಂಬೆ ಸಂಶೋಧನಾ ಕೇಂದ್ರಕ್ಕೆ ಹೋಗಿ ಕೇಳಿ ತಿಳಿದು, ಮಳೆಗಾಲದಲ್ಲಿ ಕಾಯಿ ಬೆಳೆಯುವ ಮೃಗ ಬಹಾರ ಎಂಬ ಹೂಬಿಡಿಸುವ ಹಂಗಾಮು ಬಿಟ್ಟು, ಒಣಹವೆಯಲ್ಲಿ ಕಾಯಿ ಬೆಳೆಯುವ ಹಸ್ತ ಬಹಾರ ಹಿಡಿದಿದ್ದರು. ಕೊಯ್ಲಿನ ನಂತರ ಗಿಡಗಳಿಗೆ ಮೂರ‍್ನಾಲ್ಕು ತಿಂಗಳು ವಿಶ್ರಾಂತಿ ಕೊಟ್ಟು, ರೋಗದ ಕಲೆಗಿಂತ ಎರಡು ಇಂಚು ಕೆಳಗೆ ಟೊಂಗೆ ಕತ್ತರಿಸಿ ಸುಡಿಸಿ, ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಕತ್ತರಿಯನ್ನು ಸೋಂಕುನಾಶಕ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದಿಸಿ, ಮೈಲುತುತ್ತ, ಸುಣ್ಣ ಬೆರೆಸಿದ ಶೇಕಡಾ 1ರ ಬೋರ್ಡೋ ದ್ರಾವಣ ಸಿಂಪಡಿಸಿ, ಪ್ರತಿಯೊಂದನ್ನೂ ತಾರೀಖಿನೊಂದಿಗೆ ವಹಿಯಲ್ಲಿ ಬರೆದಿಟ್ಟಿದ್ದರು. ಕಾಕಾ ಒಮ್ಮೆ ಬದುವಿನ ಮೇಲೆ ನಿಂತು, “ಏನ್ ಹೊಡದಿ ತಮ್ಮಾ ಈ ಸಲ?” ಎಂದು ಕೇಳಿದಾಗ, “ಎಲ್ಲಾರೂ ಹೊಡ್ಯೂದ ಹೊಡದೀನಿ ಕಾಕಾ” ಎಂದು ಉತ್ತರಿಸಿದ್ದರು. ಕಾಕಾ ತೋಟ ಕೀಳಿಸಿದ ಮೇಲೆ ಇವರ ನಿದ್ದೆ ಕೆಟ್ಟಿತು. ಅದೇ ಸಮಯಕ್ಕೆ ಸುತ್ತಲಿನ ಹಳ್ಳಿಗಳ ಬೆಳೆಗಾರರು ಸೇರಿ, ಬೆಳೆಗಾರರೇ ಷೇರುದಾರರಾಗಿರುವ ಉತ್ಪಾದಕ ಕಂಪನಿ ಕಟ್ಟಲು ಹೊರಟು, ಷೇರು ತೆಗೆದುಕೊಳ್ಳಬೇಕೆಂದೂ ತಮ್ಮ ಪದ್ಧತಿಯನ್ನು ಎಲ್ಲರಿಗೂ ತಿಳಿಸಬೇಕೆಂದೂ ಇವರನ್ನು ಕೇಳಿದ್ದರು. ಇವರು ನೆಪ ಹೇಳಿ ತಪ್ಪಿಸಿಕೊಂಡಿದ್ದರು.

ಸಾಯುವ ಯೋಚನೆ ಬರುತ್ತದೆಯೇ ಎಂದು ನಾನು ಮೊದಲೇ ನೇರವಾಗಿ ಕೇಳಿದೆ, ಬರುವುದಿಲ್ಲವೆಂದರು. ತೋಟ ಕಳೆದುಕೊಂಡ ಕಾಕಾ ಅವರ ಬಗ್ಗೆಯೂ ಅದನ್ನೇ ಕೇಳಿದಾಗ ಅವರಲ್ಲಿ ಉತ್ತರವಿರಲಿಲ್ಲ. ಕನ್ನಡದಲ್ಲೂ ಮಾತನಾಡಬಹುದಾದ ಟೆಲಿ-ಮಾನಸ್ ಮಾನಸಿಕ ಆರೋಗ್ಯ ಸಹಾಯವಾಣಿಯ 14416 ಸಂಖ್ಯೆಯನ್ನು ಬರೆದುಕೊಟ್ಟು, ಕಾಕಾ ಅವರ ಮಗನಿಗೆ ತಲುಪಿಸಲು ಹೇಳಿದೆ.

“ನಿಮ್ಮದೇನೂ ತಪ್ಪಿಲ್ಲ” ಎಂದು ಸಮಾಧಾನ ಹೇಳುವುದು ನನಗೆ ಸರಿಯೆನಿಸಲಿಲ್ಲ. ಹೇಳಿದ್ದರೆ ಆ ತೋಟ ಉಳಿಯುತ್ತಿತ್ತು ಎಂಬುದು ಊಹೆ. ಸಸಿಯೊಂದಿಗೇ ಬರಬಲ್ಲ ಈ ರೋಗದಲ್ಲಿ ಹೇಳಿದ್ದರೂ ಉಳಿಯುತ್ತಿರಲಿಲ್ಲ ಎಂಬುದೂ ಊಹೆಯೇ. ನಡೆದದ್ದು ಇಷ್ಟು: ಹಿರಿಯರೊಬ್ಬರು ಕೇಳಿದರು, ಇವರು ಸುಳ್ಳು ಹೇಳಿದರು. ಇಡೀ ತೋಟದ ನಾಶವನ್ನು ಹೊರಲಾಗದೆ ಅವರು ಸುತ್ತುದಾರಿ ಹಿಡಿದಿದ್ದರು. ಒಂದು ಸುಳ್ಳನ್ನಾದರೆ ಎದುರುಬದುರು ಕೂತು ಒಪ್ಪಿಕೊಳ್ಳಬಹುದು.

ಮುಚ್ಚಿಟ್ಟದ್ದೇಕೆ ಎಂಬುದಕ್ಕೆ ಅವರ ಉತ್ತರ ಪ್ರಾಮಾಣಿಕವಾಗಿತ್ತು. “ನಮ್ಮ ಧಂದಾದಾಗ ಬಾಯಿ ಬಿಟ್ರ ಬಣ್ಣಗೇಡು, ಮೇಡಂ,” ಎಂದರು. ಯಾವ ಮಾಲಿಗೆ ಯಾರು ಎಷ್ಟು ಕೊಡುತ್ತಾರೆಂಬುದನ್ನು ಹೊರಗೆಡಹದಿರುವುದರಿಂದಲೇ ಅನ್ನ ದುಡಿದವರ ಮಾತಿದು. ಇದನ್ನು ಸ್ವಾರ್ಥವೆಂದು ತಳ್ಳಿಹಾಕುವುದು ಸುಲಭ, ಆದರೆ ನ್ಯಾಯವಲ್ಲ. ತೇಲ್ಯಾ ಹೇಗೆ ಹರಡುತ್ತದೆಂದು ನನಗೆ ವಿವರಿಸಲು ಕೇಳಿದೆ. ಮಳೆಹನಿಯ ಸಿಡಿತದಿಂದ, ಗಾಳಿಯಿಂದ, ಚಾಟಣಿಯವರ, ಅಂದರೆ ಟೊಂಗೆ ಕತ್ತರಿಸುವ ಕೂಲಿಯವರ, ಕತ್ತರಿಯಿಂದ ಎಂದರು. ಆ ಚಾಟಣಿಯವರು ಯಾರ ಯಾರ ತೋಟಕ್ಕೆ ಹೋಗುತ್ತಾರೆ ಎಂದು ಕೇಳಿದಾಗ, ಎರಡೂ ತೋಟಗಳಿಗೆ ಒಂದೇ ತಂಡವೆಂದು ಹೇಳುತ್ತಲೇ ಅವರಿಗೆ ವಿಷಯ ಹೊಳೆಯಿತು. ದರದ ಗುಟ್ಟು ಹಂಚಿದರೆ ಬೆಲೆ ಕಳೆದುಕೊಳ್ಳುತ್ತದೆ. ರೋಗದ ಗುಟ್ಟು ಹಂಚದಿದ್ದರೆ ಬೆಲೆ ಕಳೆದುಕೊಳ್ಳುತ್ತದೆ, ಏಕೆಂದರೆ ಬದುವಿನಾಚೆ ರೋಗ ಬೆಳೆಯುತ್ತಿರುವವರೆಗೆ ಈಚೆಯ ತೋಟಕ್ಕೂ ನೆಮ್ಮದಿಯಿಲ್ಲ.

ಕಂಪನಿಗೆ ಸೇರುವ ಮೊದಲು ಕಾಕಾ ಅವರಲ್ಲಿಗೆ ಹೋಗಬೇಕೆಂದು ಸಲಹೆ ಕೊಟ್ಟೆ. ಹೋಗುವಾಗ ವಹಿಯಾಗಲಿ, ಉಪದೇಶವಾಗಲಿ, ಹಣದ ಮಾತಾಗಲಿ ಬೇಡ; ಅಂದು ಸುಳ್ಳು ಹೇಳಿದೆನೆಂಬ ಒಂದು ಮಾತು ಸಾಕು. ತಪ್ಪೊಪ್ಪಿಗೆಯನ್ನು ಸಭೆಯಲ್ಲಿ ಮಾಡಬಾರದು. ಮಾಡಿದರೆ ಕಾಕಾ ಅವರ ನಷ್ಟ ಹತ್ತು ಜನರ ಬಾಯಿಗೆ ಬೀಳುತ್ತದೆ. ಸದಸ್ಯತ್ವದ ಬಗ್ಗೆ ಅವರಿಗಿದ್ದ ಭಯವನ್ನು ನಿಯಮಗಳನ್ನು ಓದಿಯೇ ಕಳೆದುಕೊಳ್ಳಲು ಹೇಳಿದೆ: ಉತ್ಪಾದಕ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ ಒಬ್ಬರಿಗೆ ಒಂದೇ ಮತ, ಹೊಣೆಯೂ ಷೇರಿನ ಮೊತ್ತಕ್ಕೆ ಸೀಮಿತ. ಕಂಪನಿ ಮುಂದೆ ನೇರವಾಗಿ ಮಾಲು ಮಾರಲು ಹೊರಟರೆ ಅಡತಿಯ ಮಾಲೀಕರಿಗೆ ಇರಿಸುಮುರಿಸಾದೀತು. ಆದ್ದರಿಂದ ಅವರಿಗೆ ಬೇರೆಯವರಿಂದ ತಿಳಿಯುವ ಮೊದಲು ಇವರೇ ತಿಳಿಸಬೇಕು. ಪದ್ಧತಿಯನ್ನು ವೇದಿಕೆಯ ಮೇಲಿಂದ ಹೇಳದೆ ತೋಟದಲ್ಲೇ ನಿಂತು, ಕೂಲಿ ಖರ್ಚು ಮತ್ತು ಕೈಕೊಟ್ಟ ವರ್ಷದ ಲೆಕ್ಕ ಸಮೇತ ಹೇಳಬೇಕು. ಗೆದ್ದ ಲೆಕ್ಕ ಮಾತ್ರ ಹೇಳುವವರನ್ನು ರೈತರು ಔಷಧಿ ಕಂಪನಿಯ ಏಜೆಂಟರೆಂದೇ ತಿಳಿಯುತ್ತಾರೆ.

ಇವರು ಹೋದಾಗ ಕಾಕಾ ಒಳಗೆ ಕರೆಯಲಿಲ್ಲವಂತೆ. “ನೀ ಕತ್ತರಿ ಅದ್ದಸ್ತಿದ್ದಿ ಅಂತ ಚಾಟಣಿ ಹುಡುಗರು ಹೇಳಿದ್ರು. ಯಾಕ ಅನ್ನೂದು ಅವರಿಗೂ ಗೊತ್ತಿರಲಿಲ್ಲ,” ಎಂದಷ್ಟೇ ಹೇಳಿ ದನದ ಕಡೆ ಹೋದರಂತೆ. ಆ ಮಾತು ಇವರಿಗೆ ಬೈಗುಳಕ್ಕಿಂತ ಹೆಚ್ಚು ನಾಟಿತು, ಆದರೆ ಹತ್ತಿರದ ದಾರಿಯಲ್ಲೇ ತೋಟಕ್ಕೆ ಹೋಗಲು ಆರಂಭಿಸಿದ್ದಾರೆ. ಷೇರು ಪಡೆದಿದ್ದಾರೆ, ತೋಟದಲ್ಲಿ ಬೆಳೆಗಾರರಿಗೆ ವಹಿ ತೆರೆದು ತೋರಿಸಿದ್ದಾರೆ. ನಿದ್ದೆ ಇನ್ನೂ ಪೂರ್ತಿ ಸುಧಾರಿಸಿಲ್ಲ, ಭೇಟಿಗಳು ಮುಂದುವರಿದಿವೆ. ಕಂಪನಿಯ ಮಾರಾಟ ಸಮಿತಿಗೆ ಬರಲು ಮಾತ್ರ ಅವರು ಒಪ್ಪಿಲ್ಲ; ಒಪ್ಪಿಕೊಳ್ಳಿ ಎಂದು ನಾನೂ ಹೇಳಿಲ್ಲ.